ಯಾರೂ ಚೌಕಾಸಿ ಮಾಡಲಿಲ್ಲ

ಹೊಸ ಬೆಡ್‌ಶೀಟಿನ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆ, ಅದರ ಬೆನ್ನಿಗೇ ಎದುರು ಹೋಟೆಲಿನ ಒಗ್ಗರಣೆ, ಬಾಳೆಹೊನ್ನೂರಿನ ಬಸ್ಸು ಹೊರಟಾಗ ಅಂಗಡಿಯೊಳಕ್ಕೆ ನುಗ್ಗಿದ ಹೊಗೆ — ಓಂಕಾರಮೂರ್ತಿ ಮೂಗುಜ್ಜಿಕೊಂಡು ಗಲ್ಲಾಪೆಟ್ಟಿಗೆಯ ಮೇಲಿದ್ದ ಫೋನನ್ನು ನೋಡಿದ, ನೋಡಿಯೇ ಇಲ್ಲವೆಂಬಂತೆ ಬೆಡ್‌ಶೀಟಿನ ಇನ್ನೊಂದು ಮಡಿಕೆ ಬಿಡಿಸಿ ಗಾಜಿನ ಕೌಂಟರಿನ ಮೇಲೆ ಹರವಿದ. ನೀಲಿ ಚೌಕಳಿ. ತುಂಗಮ್ಮ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕುತ್ತಿದ್ದಾಳೆ, ಮಗಳು ದಿವ್ಯಾ ಪಕ್ಕದಲ್ಲಿ ನಿಂತು ಬೀದಿಯ ಕಡೆ ನೋಡುತ್ತಿದ್ದಾಳೆ, ಅಮ್ಮ ಚೌಕಾಸಿಗೆ ಇಳಿದರೆ ಈ ಕಾಲದ ಮಕ್ಕಳಿಗೆ ಅವಮಾನ. ಹಾಸ್ಟೆಲಿಗೆ ಮೂರ್ತಿಯವ್ರೇ, ಇವಳಿಗೆ ಎಮ್ಮೆಸ್ಸಿ ಸೀಟಾಯ್ತು, ಗಿರಿನಾಡು ಯೂನಿವರ್ಸಿಟೀಲೇ, ನೀವಿದೀರಲ್ಲ ಅದ್ರ ಕಮಿಟೀಲಿ, ಸೋಮವಾರ ಫೀಜು ಕಟ್ಟಿ ಸೇರ್ಸೋದು, ಒಂದು ಬೆಡ್‌ಶೀಟು ಒಂದು ರಗ್ಗು ತೋರ್ಸಿ, ಎರಡು ವರ್ಷ ಬಾಳಿಕೆ ಬರ್ಬೇಕು. ಬರುತ್ತಮ್ಮ, ಬರುತ್ತೆ, ಎಂದ. ಫೀಜು ಎಷ್ಟೆಂದು ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಅವಳ ತಲೆಯಲ್ಲಿರುವುದು ಹೋದ ವರ್ಷದ ಹನ್ನೆರಡು ಸಾವಿರ, ಇವನ ತಲೆಯಲ್ಲಿರುವುದು ನಿನ್ನೆಯ ಮೂವತ್ತು ಸಾವಿರ, ಆ ಮೂವತ್ತು ಇವನ ಬಾಯಿಂದಲೇ ಬಂದದ್ದು.

ಮಧ್ಯಾಹ್ನದೊಳಗೆ ಒಂದು ಫೋನು, ಅಷ್ಟೇ. ಯಾರಿಗಾದರೂ ತಿದ್ದುಪಡಿ ಮಾಡಬೇಕು ಅನಿಸಿದರೆ ನಾಳೆ ಮಧ್ಯಾಹ್ನದೊಳಗೆ ನನಗೇ ನೇರವಾಗಿ ಹೇಳಿ, ಆಮೇಲೆ ಸುತ್ತೋಲೆ ಹೊರಡುತ್ತೆ, ಎಂದು ನಿನ್ನೆ ಸಭೆ ಮುಗಿಸುವಾಗ ಕುಲಪತಿಗಳು ಹೇಳಿದ್ದರು, ಹೇಳುತ್ತ ಇವನ ಕಡೆ ನೋಡಿದರೋ, ಇವನ ಹಿಂದಿನ ಗೋಡೆ ಗಡಿಯಾರದ ಕಡೆ ನೋಡಿದರೋ. ಬೆಳಿಗ್ಗೆ ಪೂಜೆ ಮುಗಿಸಿ ತಿಂಡಿಗೆ ಕೂತಾಗ ಹೆಂಡತಿ ಸಿದ್ದಗಂಗಮ್ಮನ ಮುಂದೆ ಎಲ್ಲವನ್ನೂ ಹೇಳಿದ್ದ, ಅವಳು ಅಕ್ಕಿರೊಟ್ಟಿಯನ್ನು ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದು ನಿಂತಳು. ಅಲ್ರೀ, ಅಂಗಡೀಲಿ ಹೇಳ್ದಂಗೆ ಅಲ್ಲೂ ಹೇಳಿ ಬಂದ್ರಾ, ಬಾಯಿ ತಪ್ಪಿ ಬಂತು, ಇಳ್ಸಿ ಅಂತ ಒಂದು ಫೋನ್ ಮಾಡೋಕೆ ಏನು ದಾಡಿ ನಿಮಗೆ. ಏನು ದಾಡಿ. ಗಲ್ಲಾದ ಹಿಂದೆ ಒಂದು ದಿನ ಕೂತು ನೋಡಲಿ ಅವಳು, ಆಗ ಗೊತ್ತಾಗುತ್ತದೆ. ಕೇಳದೆ ಬೆಲೆ ಇಳಿಸಿದವನ ಬಟ್ಟೆ ಬಣ್ಣ ಬಿಡುತ್ತೆ ಅಂತಾರೆ ಜನ, ಇದು ಅಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಇದೇ ಜಾಗದಲ್ಲಿ ಕೂತು ಹೇಳಿಕೊಟ್ಟ ಮೊದಲ ಪಾಠ. ಎರಡನೆಯ ಪಾಠ, ಮನಸ್ಸಿನಲ್ಲಿ ಒಂದಿದ್ದರೆ ಬಾಯಲ್ಲಿ ಎರಡಿರಲಿ, ಗಿರಾಕಿಗೂ ಗೆದ್ದೆ ಅನಿಸಬೇಕು, ನಮಗೂ ಗಿಟ್ಟಬೇಕು, ಅದು ಮೋಸವಲ್ಲ ಮಗ, ಅದು ಮರ್ಯಾದೆ, ಬೆಲೆ ಕೇಳಿದವನ ಜೊತೆ ನಾಲ್ಕು ಮಾತಾಡದೆ ಸಾಮಾನು ಕೊಟ್ಟರೆ ಅವನನ್ನು ಭಿಕ್ಷುಕನ ಹಾಗೆ ಕಂಡಂತೆ. ಅಪ್ಪ ಯಾವ ಸಭೆಗೂ ಹೋದವರಲ್ಲ. ಪಿಯುಸಿ ಫೇಲಾದ ತನ್ನನ್ನು ಒಂದು ವಿಶ್ವವಿದ್ಯಾಲಯದ ಸಿಂಡಿಕೇಟಿಗೆ ಸರ್ಕಾರ ನಾಮನಿರ್ದೇಶನ ಮಾಡುತ್ತದೆ ಎಂದರೆ ಅಪ್ಪ ನಗುತ್ತಿದ್ದರು. ಹಾಸ್ಟೆಲ್ ಶುರುವಾದಾಗ ಪುಕ್ಕಟೆ ಕೊಟ್ಟ ರಗ್ಗುಗಳು, ಹಾಕಿಸಿಕೊಂಡ ಹಾರ, ಎಮ್ಮೆಲ್ಲೆ ಸಾಹೇಬರ ಪಕ್ಕ ನಿಂತ ಫೋಟೋ, ಅದರ ಮೇಲೆ ಈ ಪಟ್ಟ.

ಇದಕ್ಕೆಷ್ಟು ಮೂರ್ತಿಯವ್ರೇ? ಒಂಬೈನೂರು, ಎಂದ, ಆರುನೂರು ಮನಸ್ಸಿನಲ್ಲಿಟ್ಟುಕೊಂಡು. ಒಂಬೈನೂರಾ? ತುಂಗಮ್ಮ ಅಂಚು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಇದನ್ನೆಂತ ಹಾಸ್ಕೊಳೋದೋ, ಗೋಡೆಗೆ ನೇತುಹಾಕಿ ಪೂಜೆ ಮಾಡೋದೋ? ಅಮ್ಮ, ಎಂದು ದಿವ್ಯಾ ಗೊಣಗಿದಳು. ಓಂಕಾರಮೂರ್ತಿಯ ಎದೆ ತಣ್ಣಗಾಯಿತು. ಹೀಗೆ, ಇಷ್ಟೇ, ಇಷ್ಟಾಗಿದ್ದರೆ ಸಾಕಿತ್ತು ನಿನ್ನೆ, ಆ ಉದ್ದ ಮೇಜಿನ ಸುತ್ತ ಕೂತಿದ್ದ ಅಷ್ಟು ದೊಡ್ಡ ಮನುಷ್ಯರಲ್ಲಿ ಒಬ್ಬ, ಒಬ್ಬನೇ ಒಬ್ಬ, ಮೂವತ್ತಾ ಎಂದಿದ್ದರೆ.

ಅಲ್ಲಿ ಎಸಿಗೆ ಕಾಲು ಮರಗಟ್ಟುತ್ತಿತ್ತು, ಚಪ್ಪಲಿಯೊಳಗೆ ಬೆರಳು ಮಡಚಿಕೊಂಡು ಕೂತಿದ್ದ, ಕುಲಸಚಿವರು ಓದುತ್ತಿದ್ದರು — ಈ ಸಲದ ಬಜೆಟ್ಟಿನಲ್ಲಿ ನಮ್ಮ ಅನುದಾನ ಅರ್ಧಕ್ಕಿಳಿದಿದೆ, ಅತಿಥಿ ಉಪನ್ಯಾಸಕರಿಗೆ ಗೌರವಧನ ಕೊಟ್ಟು ತಿಂಗಳುಗಳಾದವು, ಪ್ರಯೋಗಾಲಯಕ್ಕೆ ಗಾಜಿನ ಸಾಮಾನಿಲ್ಲ, ಸಂಪನ್ಮೂಲವನ್ನು ತಾವೇ ಕ್ರೋಡೀಕರಿಸಿಕೊಳ್ಳತಕ್ಕದ್ದು ಎಂದು ಮೇಲಿನಿಂದ ಪತ್ರ ಬಂದಿದೆ — ಕ್ರೋಡೀಕರಿಸುವುದೆಂದರೆ ಏನೆಂದು ಇವನಿಗೆ ಸರಿಯಾಗಿ ತಿಳಿಯಲಿಲ್ಲ, ಕೋಲೆಬಸವನ ಹಾಗೆ ತಲೆಯಾಡಿಸಿದ, ಸುತ್ತ ನೋಡಿದರೆ ಎಲ್ಲರೂ ಆಡಿಸುತ್ತಿದ್ದರು. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ, ಕಾಫಿಗೆ ಈಗ ಒಳ್ಳೇ ರೇಟಿದೆ, ಈ ಕಡೆಯವರು ಕೊಡ್ತಾರೆ ಬಿಡಿ, ಎಂದರು. ಸ್ವಾಮಿ, ಹಣ್ಣಿನ್ನೂ ಗಿಡದಲ್ಲಿದೆ, ರೇಟು ಪೇಪರಿನಲ್ಲಿದೆ, ಎರಡೆಕರೆಯವನಿಗೆ ರೇಟು ಬಂದರೂ ಮಳೆಗೆ ಉದುರಿದ್ದು ಮತ್ತೆ ಗಿಡ ಹತ್ತುತ್ತದೆಯೇ — ಇದೆಲ್ಲ ನಾಲಿಗೆ ತುದಿಗೆ ಬಂತು, ಅಲ್ಲೇ ನಿಂತಿತು. ಬಾಯಿ ಬಿಟ್ಟರೆ ಬಣ್ಣಗೇಡು. ಅಷ್ಟರಲ್ಲಿ ಕುಲಪತಿಗಳು ಇವನತ್ತ ತಿರುಗಿ, ಮೂರ್ತಿಯವರೇ, ನೀವು ವ್ಯಾಪಾರಸ್ಥರು, ಇಲ್ಲಿನ ಜನರ ಕೈ ನಿಮಗೆ ಗೊತ್ತು, ಶುಲ್ಕಕ್ಕೆ ನೀವೇ ಒಂದು ಅಂಕಿ ಹೇಳಿ. ಆ ಕೋಣೆಯಲ್ಲಿ ಅವನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಹನ್ನೆರಡು ಇದ್ದದ್ದು ಹದಿನೈದಾಗಲಿ, ಅದಕ್ಕಿಂತ ಹೆಚ್ಚು ಯಾರೂ ತಡೆಯಲಾರರು, ಎಂದು ಮನಸ್ಸು ಲೆಕ್ಕ ಹಾಕಿ ಮುಗಿಸಿತ್ತು, ಆದ್ದರಿಂದಲೇ ಬಾಯಿ ಮೂವತ್ತು ಎಂದಿತು. ಎಂದು, ಕಾದ. ಮುಂದಿನ ಮಾತು ಸಿದ್ಧವಾಗಿತ್ತು — ಹೋಗ್ಲಿ ಬಿಡಿ ಸಾರ್, ಮಕ್ಕಳ ಮುಖ ನೋಡಿ, ಹದಿನೈದು ಮಾಡಿ. ಎದುರಿಗಿದ್ದ ಪ್ರೊಫೆಸರರು ತಟ್ಟೆಯಿಂದ ಒಂದು ಗೋಡಂಬಿ ತೆಗೆದು ಎರಡು ಹೋಳು ಮಾಡಿ ಒಂದನ್ನು ಬಾಯಿಗೆ ಹಾಕಿಕೊಂಡರು, ಜಗಿದರು, ಇನ್ನೊಂದನ್ನು ಹಾಕಿಕೊಂಡರು. ಈಗ ಯಾರಾದರೂ ಅನ್ನುತ್ತಾರೆ. ಈಗ. ಸರ್ವಾನುಮತ, ಎಂದರು ಕುಲಪತಿಗಳು, ಮೇಜು ಕುಟ್ಟಿದರು, ಟೀ ಬಂತು, ಅನುಭವಸ್ಥರ ಮಾತೇ ಬೇರೆ ಸಾರ್ ಎಂದು ಯಾರೋ ಕೈ ಕುಲುಕಿದರು, ಕುಲುಕಿಸಿಕೊಂಡ, ಛೀ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಷ್ಟು ಓದಿದವರಿರುತ್ತಾರೆಯೇ? ಅವರಿಗೇನು, ತಿಂಗಳಿಗೆ ಸರಿಯಾಗಿ ಸಂಬಳ, ಅವರ ಮಕ್ಕಳು ಓದುವ ಕಡೆ ಬೆಲೆ ಕೇಳುವ ಪದ್ಧತಿಯೇ ಇಲ್ಲ. ಮೂವತ್ತಾ ಎನ್ನಬಹುದಾಗಿದ್ದ ವಿದ್ಯಾರ್ಥಿಗಳೆಲ್ಲ ಗೇಟಿನ ಹೊರಗೆ ಬ್ಯಾನರ್ ಹಿಡಿದು ನಿಂತಿದ್ದರು, ಇವನ ಕಾರು ಹೊರಬಂದಾಗ ಒಬ್ಬ ಹುಡುಗ ಬಗ್ಗಿ ಕಿಟಕಿಯೊಳಗೆ ನೋಡಿ, ಏನಾಯ್ತು ಸಾರ್, ಎಂದು ಕೇಳಿದ, ಡ್ರೈವರ್ ನಿಲ್ಲಿಸಲಿಲ್ಲ, ಇವನು ನಿಲ್ಲಿಸು ಎನ್ನಲೂ ಇಲ್ಲ. ಗಿರಾಕಿಗಳನ್ನು ಬೀದಿಯಲ್ಲಿ ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಒಳಗೆ ನಾವು ನಾವೇ ಬೆಲೆ ಕಟ್ಟಿದೆವು. ಇದನ್ನು ಫೋನಿನಲ್ಲಿ ಹೇಗೆ ಹೇಳುವುದು? ನಿನ್ನೆ ನೀವೇ ಹೇಳಿದ್ದಲ್ವಾ ಮೂರ್ತಿಯವರೇ, ಎನ್ನುತ್ತಾರೆ, ನಗುತ್ತಾರೆ, ಅಂಗಡಿಯವನ ಬುದ್ಧಿ ಎನ್ನುತ್ತಾರೆ, ಅನ್ನಲಿ, ಒಂದು ನಗೆಗೆ ಹದಿನೈದು ಸಾವಿರ ಇಳಿಯುವುದಾದರೆ ಅಗ್ಗವೇ. ಹೌದು, ಅಗ್ಗ. ಫೋನು ತೆಗೆದುಕೊಂಡ, ಕುಲಪತಿಗಳ ಹೆಸರು ಹುಡುಕಿದ, ಹೆಬ್ಬೆರಳು ಅದರ ಮೇಲೆ ಬಂತು. ಫೋನ್ ಆಮೇಲೆ ಮಾಡಿ ಮಾರಾಯ್ರೇ, ಮೊದ್ಲು ನಂಗೆ ಹೇಳಿ, ನಾಲ್ಕೂವರೆಗೆ ಕೊಡ್ತೀರೋ ಇಲ್ವೋ, ಎಂದಳು ತುಂಗಮ್ಮ. ಇವನು ಫೋನನ್ನು ಕೆಳಗಿಟ್ಟ. ಇಡುವಾಗ ಆದ ಸಮಾಧಾನ ಅವನಿಗೇ ನಾಚಿಕೆ ತರುವಷ್ಟಿತ್ತು.

ನಾಲ್ಕೂವರೆ ನೂರಾ, ಅಸಲೂ ಹುಟ್ಟಲ್ಲ ತುಂಗಮ್ಮ, ದೇವರಾಣೆಗೂ. ದೇವರನ್ನ ಯಾಕೆ ಬೆಡ್‌ಶೀಟಿಗೆ ಎಳೀತೀರ, ಅವ್ನೇನು ನಿಮ್ಮ ಪಾರ್ಟ್ನರಾ? ಅವಳು ಕೈಚೀಲ ತೆಗೆದುಕೊಂಡು ಹೊರಟೇಬಿಟ್ಟಳು, ಮೆಟ್ಟಿಲ ತನಕ ಹೋಗಿ ಚಪ್ಪಲಿಗೆ ಕಾಲೂ ಹಾಕಿದಳು, ಇವನು ಕರೆಯಲಿಲ್ಲ, ಕರೆಯಬಾರದು, ಅದು ಆಟದ ನಿಯಮ. ಅವಳು ಬೀದಿಯ ಆ ಕಡೆ ಈ ಕಡೆ ನೋಡಿ, ಬಸ್ಸಿಗಿನ್ನೂ ಹೊತ್ತಿದೆ ಎಂಬ ನೆವ ಹುಡುಕಿಕೊಂಡು, ಚಪ್ಪಲಿ ಕಳಚಿ ಮತ್ತೆ ಒಳಗೆ ಬಂದಳು. ಏನು ಗತ್ತು ಈ ಹೆಂಗಸಿನದು! ಗಂಡ ರುದ್ರಪ್ಪನಿಗೆ ಪಂಚೆ ಕೊಳ್ಳಲು ಬಂದಾಗಲೂ ಹೀಗೆಯೇ, ಅರ್ಧ ಬೆಳಗು ಕೂತು, ಎರಡು ಸಲ ಎದ್ದು, ಕೊನೆಗೆ ಒಂದು ಕರ್ಚೀಫು ಮೇಲಿಂದ ಹಾಕಿಸಿಕೊಂಡು ಹೋದವಳು. ಇವಳನ್ನು ಕರೆದುಕೊಂಡು ಹೋಗಬೇಕಿತ್ತು ಸಭೆಗೆ, ಆ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಬೇಕಿತ್ತು, ಸರ್ಕಾರಕ್ಕೇ ಚೌಕಾಸಿ ಮಾಡುತ್ತಿದ್ದಳು, ಅನುದಾನ ಯಾಕೆ ಅರ್ಧ ಮಾಡಿದ್ರಿ, ಮುಕ್ಕಾಲಾದ್ರೂ ಕೊಡಿ ಎಂದು. ಓಂಕಾರಮೂರ್ತಿಗೆ ನಗು ಬಂತು, ಮೈಯೆಲ್ಲ ಹಗುರವಾಯಿತು, ಏಳುನೂರೈವತ್ತು ಎಂದ, ಐನೂರು ಎಂದಳು, ರಗ್ಗನ್ನು ತೋರಿಸಿದ, ರಗ್ಗಿನಲ್ಲಿ ದಾರ ಬಿಟ್ಟಿದೆ ಎಂದಳು, ಬಿಟ್ಟಿರಲಿಲ್ಲ, ಇಬ್ಬರಿಗೂ ಗೊತ್ತು, ಎರಡೂ ಸೇರಿ ಸಾವಿರದ ಮುನ್ನೂರಕ್ಕೆ ಬಂದು ನಿಂತಾಗ ಅವಳ ಮುಖದಲ್ಲಿ ಗೆದ್ದ ಕಳೆ, ಇವನಿಗೆ ತನ್ನ ಲಾಭ ಇದ್ದಲ್ಲೇ ಇದೆ, ಅಪ್ಪ ಹೇಳಿದ ಮರ್ಯಾದೆ ಎಂದರೆ ಇದೇ. ಅವಳು ಪರ್ಸು ಬಿಚ್ಚಿದಳು. ಎದುರು ಹೋಟೆಲಿನವನು ಊಟ ತಯಾರಿದೆ ಎಂಬ ಬೋರ್ಡನ್ನು ಹೊರಗೆ ತಂದಿಟ್ಟ. ಫೋನು! ಎಂದು ಇವನ ಕೈ ಗಲ್ಲಾದ ಕಡೆ ಹೋಗುವುದಕ್ಕೂ ದಿವ್ಯಾಳ ಕೈಯಲ್ಲಿದ್ದ ಫೋನು ಟಿಣ್ ಎನ್ನುವುದಕ್ಕೂ ಸರಿಹೋಯಿತು.

ಅವಳು ಓದಿದಳು, ಮತ್ತೆ ಮೇಲಿಂದ ಓದಿದಳು. ಅಮ್ಮ, ಫೀಸು ಜಾಸ್ತಿ ಮಾಡಿದಾರೆ. ಎಷ್ಟೇ? ಮೂವತ್ತು. ಮೂವತ್ತು ಸಾವಿರ? ಹ್ಞೂಂ, ಯೂನಿವರ್ಸಿಟೀದೇ, ಈಗ ಬಂತು. ಓಂಕಾರಮೂರ್ತಿ ಅವಳ ಬಾಯನ್ನೇ ನೋಡಿದ — ಈಗ ಅನ್ನುತ್ತಾಳೆ, ನಾಲ್ಕು ನೂರಕ್ಕೆ ಅರ್ಧ ಬೆಳಗು ಜಗ್ಗಾಡಿದವಳು ಸುಮ್ಮನಿರುತ್ತಾಳೆಯೇ, ಅದೆಂತ ಮೂವತ್ತು, ಯಾವ ತಲೆಕೆಟ್ಟವನು ಹೇಳಿದ್ದು, ಎಂದು ಅಂಗಡಿ ಹಾರಿಹೋಗುವ ಹಾಗೆ ಕೂಗುತ್ತಾಳೆ, ಕೂಗಲಿ, ಕೂಗಿದ ಕೂಡಲೇ ಫೋನು ಮಾಡುತ್ತೇನೆ, ಸುತ್ತೋಲೆ ಹೊರಟರೇನಂತೆ, ಕಾರು ಮಾಡಿಕೊಂಡು ಹೋಗಿ ಕಾಲಿಗೆ ಬೀಳುತ್ತೇನೆ, ನೀನು ಒಂದು ಮಾತು ಅನ್ನಮ್ಮ, ಒಂದೇ ಒಂದು. ತುಂಗಮ್ಮ ಬಿಚ್ಚಿದ ಪರ್ಸನ್ನೇ ನೋಡುತ್ತಿದ್ದಳು. ಆಮೇಲೆ ತಲೆಯೆತ್ತಿದಳು, ಮುಖದಲ್ಲಿ ಸಿಟ್ಟಿರಲಿಲ್ಲ. ಮೀಟಿಂಗಲ್ಲಿ ನೀವಿದ್ರಾ ಮೂರ್ತಿಯವ್ರೇ? ಇದ್ದೆ, ಎಂದ. ನೀವಿದ್ದೂ ಮೂವತ್ತಕ್ಕೆ ನಿಂತಿದೆ ಅಂದ್ರೆ ಅವ್ರು ಐವತ್ತು ಕೇಳಿರ್ತಾರೆ, ಪಾಪ, ಎಷ್ಟು ಜಗ್ಗಾಡಿದ್ರೋ ಏನೋ ನೀವು. ಬಿಡಿ. ನಿಮ್ಮ ಕೈಲೇ ಆಗ್ದಿದ್ದು ಇನ್ಯಾರ ಕೈಲಿ ಆಗುತ್ತೆ.

ನಾನೇ, ಎಂದ. ಎಂದನೆಂದುಕೊಂಡ, ತುಟಿ ಅಲ್ಲಾಡಿರಲಿಲ್ಲ. ಮೂವತ್ತು ಅಂದವನು ನಾನೇ ತುಂಗಮ್ಮ, ಹದಿನೈದು ಮನಸ್ಸಿನಲ್ಲಿತ್ತು, ಯಾರೂ ಕೇಳಲಿಲ್ಲ, ಯಾರೂ ಕೇಳಲಿಲ್ಲ ಕಣಮ್ಮ, ನೀನಾದರೂ ಕೇಳು. ಅವಳು ಪರ್ಸಿನ ಜಿಪ್ಪೆಳೆದಳು. ನಡಿ ಮಗಾ, ಕಾಫಿ ಹಣ್ಣು ಕುಯ್ದಾಗ್ಲಿ, ಬರೋ ವರ್ಷ ನೋಡನ. ಬರೋ ವರ್ಷ ಈ ಸೀಟು ಇರಲ್ಲ ಅಮ್ಮ, ಎಂದಳು ದಿವ್ಯಾ, ಜಗಳವಿಲ್ಲದ ದನಿಯಲ್ಲಿ, ಬಸ್ಸು ಹೋಯಿತು ಎನ್ನುವ ಹಾಗೆ. ಬೆಡ್‌ಶೀಟು ಇರಲಿ, ಎಂದು ಇವನ ಗಂಟಲಿನಿಂದ ಕೊನೆಗೂ ಏನೋ ಹೊರಟಿತು, ಇರಲಿ ತಗೊಂಡು ಹೋಗು, ದುಡ್ಡು ಬೇಡ. ಬ್ಯಾಡಿ, ಮನೇಲಿ ಹಾಸ್ಕೊಳೋಕೆ ಹಳೇದೇ ಇದೆ, ಸುಮ್ನೆ ನಿಮ್ಮ ಮಾಲು ಬಿಚ್ಚಿಸ್ದಂಗಾಯ್ತು, ಬೇಜಾರ್ ಮಾಡ್ಕೋಬ್ಯಾಡಿ. ಅವಳು ಬೆಡ್‌ಶೀಟಿನ ಎರಡು ಮೂಲೆ ಹಿಡಿದಳು, ಆ ತುದಿ ಹಿಡ್ಕಳೇ ಎಂದಳು, ದಿವ್ಯಾ ಇನ್ನೆರಡು ಮೂಲೆ ಹಿಡಿದಳು, ಇಬ್ಬರೂ ಹಿಂದೆ ಸರಿದು ಅಂಗಡಿಯ ಉದ್ದಕ್ಕೂ ಅದನ್ನು ಬಿಗಿಯಾಗಿ ಎಳೆದರು, ಹಳೆಯ ಗೆರೆ ಎಲ್ಲಿದೆಯೆಂದು ಹುಡುಕಿದರು, ಹಣ್ಣಿನ ತೊಟ್ಟು ಬಿಡಿಸುವ ಬೆರಳುಗಳು ಗೆರೆಯ ಮೇಲೆ ಹರಿದು ಒಂದು ಸುಕ್ಕೂ ಬಾರದಂತೆ ಒತ್ತಿದವು, ಮತ್ತೆ ಮಾರಲು ಬರಬೇಕಲ್ಲ, ಒಬ್ಬಳತ್ತ ಒಬ್ಬಳು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಿದರು, ಹಿಂದೆ ಸರಿದರು, ಮೂವತ್ತಾ ಅನ್ನು ತುಂಗಮ್ಮ, ಮತ್ತೆ ನಡೆದು ಬಂದರು, ಅನ್ನು, ಮೂಲೆಗೆ ಮೂಲೆ, ನೀಲಿ ಚೌಕಳಿ ಅರ್ಧವಾಯಿತು, ಅರ್ಧದ ಅರ್ಧವಾಯಿತು, ಅಮ್ಮನ ಕೈಯಿಂದ ಮಗಳ ಕೈಗೆ, ಮೂಲೆಗೆ ಮೂಲೆ,