ವಾರ್ನಿಷ್ ಇಲ್ಲದ ವಿಮಾನ

ಅಮೋಘಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದ ಮೇಲೆ ಅವನು ಯಾರ ಹತ್ತಿರವೂ ಏನನ್ನೂ ಕೇಳಲಿಲ್ಲ. ಇನ್ನು ಆಪರೇಷನ್ ಮಾಡಿ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದಾಗಲೂ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಿದ್ದ. ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಗೆಳೆಯ ಪ್ರಲ್ಹಾದನನ್ನು ಮಾತ್ರ ಒಂದು ಮಾತು ಕೇಳಿದ.

“ಪಲ್ಲ್ಯಾ, ನನ್ನ ವಿಮಾನ ಮಾಡಿ ಕೊಡ್ತಿ ಏನು? ಬೆಳ್ಳಿದು.”

ಪ್ರಲ್ಹಾದ ಕೈಯಲ್ಲಿದ್ದ ಚಹಾ ಕೆಳಗಿಟ್ಟು, “ಕೊಡ್ತೀನಿ,” ಎಂದ. ಅಷ್ಟು ಹೊತ್ತು ಏನು ಮಾತಾಡಬೇಕೆಂದು ತಿಳಿಯದೆ ಕೂತಿದ್ದವನಿಗೆ ಮಾಡಲು ಒಂದು ಕೆಲಸ ಸಿಕ್ಕಿತ್ತು.

ಇಬ್ಬರೂ ವಿಜಯಪುರದಲ್ಲಿ ಪಿಯುಸಿ ಓದುವಾಗ ಒಂದೇ ಬೆಂಚಿನವರು. ಪ್ರಲ್ಹಾದ ಊರೊಳಗಿನ ಮಾಸ್ತರರ ಮಗ. ಅಮೋಘಿ ಬಿಜ್ಜರಗಿಯ ಕುರಿ ಸಾಕುವ ಮನೆಯಿಂದ ಬಂದವನು. ಪರೀಕ್ಷೆ ಮುಗಿದ ಮೇಲೆ ಅಮೋಘಿ ವಾಯುಸೇನೆಗೆ ಆಯ್ಕೆಯಾಗಿ ಹೋದ. ವಿಮಾನ ಹಾರಿಸಲಿಕ್ಕಲ್ಲ, ನೆಲದ ಮೇಲೆ ನಿಂತು ಅದರ ಮೈ ನೋಡಿಕೊಳ್ಳಲಿಕ್ಕೆ. ಸಡಿಲಾದ ರಿವೆಟ್ಟು, ಬಿರುಕು ಬಿಟ್ಟ ತಗಡು, ಎದ್ದ ಬಣ್ಣ ಇವೆಲ್ಲ ಅವನ ಪಾಲಿನವು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ, ಬಿಜ್ಜರಗಿಗೆ ಮರಳಿ ದ್ರಾಕ್ಷಿ ತೋಟ ಹಾಕಿದ್ದ. ಪ್ರಲ್ಹಾದ ಬಬಲೇಶ್ವರದ ಒಂದು ಕಾಲೇಜಿನಲ್ಲಿ ಗಣಿತದ ಉಪನ್ಯಾಸಕನಾದ. ಒಮ್ಮೆ ರಜೆಗೆ ಬಂದ ಅಮೋಘಿ ಕಲ್ಕತ್ತೆಯಿಂದ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಪ್ಲಾಸ್ಟಿಕ್ಕಿನ ಚೂರುಗಳು. ಅಂಟಿಸಿದರೆ ಗೇಣುದ್ದದ ವಿಮಾನ. ಆ ಡಬ್ಬಿಯಿಂದ ಹತ್ತಿದ ಹುಚ್ಚು ಪ್ರಲ್ಹಾದನನ್ನು ಬಿಡಲೇ ಇಲ್ಲ. ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಹೆಂಡತಿ ಗೌತಮಿ ಒಂದು ಸಣ್ಣ ಕೋಣೆಯನ್ನು ಅವನ ವಿಮಾನಗಳಿಗೆಂದೇ ಬಿಟ್ಟುಕೊಟ್ಟಿದ್ದಳು. ಬಾಗಿಲು ಮುಚ್ಚಿರಬೇಕು, ಥಿನ್ನರ್ ವಾಸನೆ ಅಡಿಗೆಮನೆಗೆ ಬರಬಾರದು ಎಂಬುದಷ್ಟೇ ಅವಳ ಕರಾರು.

ಹಸಿರು, ಬೂದು ಬಣ್ಣದ ವಿಮಾನಗಳು ಪ್ರಲ್ಹಾದನಿಗೆ ನೀರು ಕುಡಿದಷ್ಟು ಸಲೀಸು. ಬೆಳ್ಳಿಯದನ್ನು ಮಾತ್ರ ಅವನು ಮುಟ್ಟಿರಲಿಲ್ಲ. ಬೆಳ್ಳಿ ಬಣ್ಣ ಏನನ್ನೂ ಮುಚ್ಚಿಕೊಳ್ಳುವುದಿಲ್ಲ. ಕೆಳಗೆ ಒಂದು ಗೀರಿರಲಿ, ಕೂದಲೆಳೆ ಇರಲಿ, ಎತ್ತಿ ತೋರಿಸುತ್ತದೆ. ಅದಲ್ಲದೆ ಬೆಳ್ಳಿಯಲ್ಲಿ ನೂರು ನಮೂನೆ. ಎನಾಮೆಲ್ ಹಚ್ಚಿದರೆ ಟ್ರಂಕಿಗೆ ಬಳಿದ ಹಾಗೆ ಒರಟು. ನೀರಿನಲ್ಲಿ ಕಲಸುವ ಬಣ್ಣ ಸಪ್ಪೆ. ಲ್ಯಾಕರ್ ಜಾತಿಯದಕ್ಕೆ ಮೊದಲು ಕನ್ನಡಿಯಂಥ ಕರಿಬಣ್ಣದ ಹಾಸು ಹಾಕಿ, ಒಣಗಿಸಿ, ಅದರ ಮೇಲೆ ಏರ್‌ಬ್ರಷ್ಷಿನಿಂದ ಉಸಿರು ಬಿಟ್ಟಷ್ಟು ತೆಳ್ಳಗೆ ಸಿಂಪಡಿಸಬೇಕು. ಅಷ್ಟಾದರೆ ನೋಡಿದವರು ತಗಡೇ ಅನ್ನುತ್ತಾರೆ.

ಪುಣೆಯಿಂದ, ಮುಂಬೈಯಿಂದ ಸಣ್ಣ ಸಣ್ಣ ಬಾಟಲಿಗಳು ಬಂದವು. ಮದುವೆಮನೆಯಲ್ಲಿ ಐಸ್‌ಕ್ರೀಮಿಗೆ ಕೊಡುವಂಥ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಪ್ರಲ್ಹಾದ ಒಂದೊಂದು ಬೆಳ್ಳಿ ಹಚ್ಚಿದ. ಅವನ್ನು ಬೂಟಿನ ಡಬ್ಬಿಯಲ್ಲಿ ಜೋಡಿಸಿಕೊಂಡು ಒಂದು ರವಿವಾರ ತಿಕೋಟಾ ದಾಟಿ ಬಿಜ್ಜರಗಿಗೆ ಹೋದ.

ಅಮೋಘಿ ಅಂಗಳದ ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿದ್ದ. ಮೈ ಇಳಿದುಹೋಗಿತ್ತು, ಕೈಗಳು ಮಾತ್ರ ಮೊದಲಿನವೇ, ಅಗಲ ಹೆಬ್ಬೆರಳಿನವು. ಪ್ರಲ್ಹಾದ ಕಂಬಳಿಯ ಮೇಲೆ ಚಮಚಗಳನ್ನು ಸಾಲಾಗಿ ಹರವಿದ. ಅಮೋಘಿಯ ತಾಯಿ ತಾಯವ್ವ ಬಗ್ಗಿ ನೋಡಿದಳು.

“ಇಷ್ಟ ಚಮಚಾ ಯಾಕ ತಂದೀಯೋ ಯಪ್ಪಾ? ಅಂವಾ ಒಂದ ಚಮಚಾ ಗಂಜಿ ಕುಡದ್ರ ಹೆಚ್ಚಿಗಿ ಆಗೇತಿ.”

ಅಮೋಘಿ ನಕ್ಕ. ನಕ್ಕಾಗ ಹೊಟ್ಟೆ ಹಿಡಿದುಕೊಂಡ. ಆಮೇಲೆ ಒಂದೊಂದೇ ಚಮಚ ಎತ್ತಿ ಬಿಸಿಲಿಗೆ ಹಿಡಿದು ನೋಡಿದ. “ಇದು ಬಾಂಡೆ ಅಂಗಡಿದು. ಇದು ನಿನ್ನ ಮದವ್ಯಾಗ ಕೊಟ್ಟ ತಾಟು. ಇದು… ಇದು ಆಗಬಹುದು ನೋಡು.”

ಊಟವಾಗಿ ಹೊತ್ತು ಇಳಿದ ಮೇಲೆ ಪ್ರಲ್ಹಾದ ಇನ್ನೊಮ್ಮೆ ಕೇಳಿದ. ಅಮೋಘಿ ಬೇರೆಯೇ ಚಮಚ ಆರಿಸಿದ.

“ಲೇ, ಮುಂಜಾನೆ ಅದನ್ನ ಅಂದಿದ್ದಿ.”

“ಮುಂಜಾನೆ ಹಂಗ ಕಾಣ್ತು.” ಅಮೋಘಿ ಎರಡನ್ನೂ ಕೈಯಲ್ಲಿ ತಿರುಗಿಸಿದ. “ಖರೇ ಹೇಳ್ಲಿ? ನಾ ಅದನ್ನ ದೂರ ನಿಂತು ನೋಡಿದ್ದು ಕಡಿಮಿ. ಯಾವಾಗಲೂ ಮೂಗಿನ ಮುಂದ ಇರ್ತಿತ್ತು. ಬ್ಯಾಸಗ್ಯಾಗ ಮುಟ್ಟಿದ್ರ ಕೈ ಸುಡತಿತ್ತು. ಥಂಡ್ಯಾಗ ಬೆರಳು ಮರಗಟ್ಟತಿದ್ದವು. ಅದನ್ನ ಕೇಳು, ಹೇಳ್ತೇನಿ. ಬಣ್ಣಾ ಕೇಳಿದ್ರ ಏನಂತ ಹೇಳ್ಲಿ?”

ಇಪ್ಪತ್ತು ವರ್ಷ ಅದರ ಮೈ ತಿಕ್ಕಿದವನಿಗೇ ಬಣ್ಣ ನೆನಪಿಲ್ಲವೆಂದರೆ ಇನ್ನು ಯಾರನ್ನು ಕೇಳುವುದು ಎಂದು ಪ್ರಲ್ಹಾದನಿಗೆ ತೋಚಲಿಲ್ಲ. ಕೊನೆಗೆ ಅಮೋಘಿಯೇ ಹೇಳಿದ: “ಹೊಳಪ ಬಾಳ ಬ್ಯಾಡ. ನಮ್ಮದು ಹಳೇದು. ಎಳೀ ಹುಡುಗರು ಹಾರಸೋದ ಕಲಿಯೂ ವಿಮಾನ. ಹಿಂದ ಬೆಂಕಿ ಬರೂ ಜಾಗಾ ಅಷ್ಟ ಸುಟ್ಟಂಗಿರ್ಲಿ, ಬೆಲ್ಲದ ಬಣ್ಣಾ.”

ಮುಂದಿನ ವಾರ ಪ್ರಲ್ಹಾದ ಆ ಎರಡೇ ಚಮಚಗಳನ್ನು ತಂದ. ಒಂದೊಂದರ ಅರ್ಧಭಾಗಕ್ಕೆ ವಾರ್ನಿಷ್ ಹಚ್ಚಿದ್ದ. ವಾರ್ನಿಷ್ ಬಿದ್ದ ಅರ್ಧ ಬೂದಿ ಬಡಿದ ಹಾಗೆ ಕಳೆಗುಂದಿತ್ತು. ಬೆಳ್ಳಿಯ ಮೇಲೆ ಏನು ಹಚ್ಚಿದರೂ ಹಾಗೆಯೇ. ಮೆರುಗಿನ ವಾರ್ನಿಷ್ ಸ್ವಲ್ಪ ಕಳೆ ತಿನ್ನುತ್ತದೆ, ಮೆರುಗಿಲ್ಲದ್ದು ಪೂರ್ತಿ ತಿನ್ನುತ್ತದೆ.

“ಇದ ಯಾಕ ಬೇಕು ಮತ್ತ?” ಎಂದ ಅಮೋಘಿ.

“ಹಚ್ಚದಿದ್ದರ ಕೈಬೆವರಿಗೆ ಬೆಳ್ಳಿ ಎದ್ದು ಹೋಗ್ತದಲೇ. ಕಪಾಟಿನ್ಯಾಗ ಇಡೂದಾದ್ರ ಬ್ಯಾಡ.”

“ಕಪಾಟಿನ್ಯಾಗ ಇಡಾಕ ನನಗ ಯಾಕ? ಕೈಯಾಗ ಹಿಡಕೊಂಡ ಮಲಗಾಕ ಬೇಕು.”

“ಅದಕ್ಕ ಹಚ್ಚೂಣು ಅನ್ನಲಿಕ್ಕತ್ತೀನಿ. ತೆಳ್ಳಗ.”

“ಬ್ಯಾಡ. ಎದ್ದ ಹೋಗ್ಲಿ ಬಿಡು. ಅದು ಎದ್ದ ಹೋಗೂದ್ರಾಗ ನಾ ಎದ್ದ ಹೋಗಿರ್ತೇನಿ.”

ಅಮೋಘಿಯ ಹೆಂಡತಿ ಸುವರ್ಣಾ ಮಜ್ಜಿಗೆ ತರುತ್ತಿದ್ದವಳು ಹೊಸ್ತಿಲಲ್ಲೇ ನಿಂತಳು. ಒಂದು ಗಳಿಗೆ ನಿಂತು, ತಂಬಿಗೆಯನ್ನು ಹಿಡಿದುಕೊಂಡೇ ಒಳಗೆ ಹೋದಳು. ಪ್ರಲ್ಹಾದ ಚಮಚಗಳನ್ನು ಡಬ್ಬಿಗೆ ಹಾಕಿದ. ವಾರ್ನಿಷ್ಷಿನ ಮಾತು ಮತ್ತೆ ಎತ್ತಲಿಲ್ಲ.

ವಿಮಾನ ಮುಗಿದದ್ದು ಶಿವರಾತ್ರಿಯ ಹೊತ್ತಿಗೆ. ಬೆಳಗಿನ ಚಮಚದ ಬೆಳ್ಳಿಯನ್ನು ಮೈಗೆ, ಸಂಜೆಯದನ್ನು ರೆಕ್ಕೆಗೆ ಹಚ್ಚಿದ್ದ. ಕೆಲವು ತಗಡುಗಳಿಗೆ ಒಂದು ಹನಿ ಕಪ್ಪು ಬೆರೆಸಿ ಬೇರೆ ಛಾಯೆ ತಂದಿದ್ದ. ಅಮೋಘಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮೂಗಿನ ಹತ್ತಿರ ತಂದು ನೋಡಿದ. ಹಿಂದೆ ಮುಂದೆ ತಿರುಗಿಸಿದ. ಹೊಟ್ಟೆಯ ಕೆಳಗೆ ಒಂದು ಜಾಗದಲ್ಲಿ ಉಗುರು ಇಟ್ಟು, “ಇಲ್ಲೊಂದು ಸಣ್ಣ ಬಾಗಲಾ ಇರ್ತಿತ್ತು. ಅದರ ಸ್ಕ್ರೂ ಎಂದೂ ಸರಳ ಬಿಚ್ಚಲಿಲ್ಲ,” ಎಂದ. ಪ್ರಲ್ಹಾದ ಹೊರಡುವಾಗ ವಿಮಾನವನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ.

ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ದಿನ ಬದುಕಿದ. ಬೇಸಿಗೆ ಕಳೆಯಿತು. ಪ್ರತಿ ರವಿವಾರ ಹೋದಾಗಲೂ ಬೆಳ್ಳಿ ಒಂದಿಷ್ಟು ಸವೆದಿರುತ್ತಿತ್ತು. ಮೊದಲು ಮೂತಿಯ ಹತ್ತಿರ ಮಂಕಾಯಿತು. ಆಮೇಲೆ ಎಡರೆಕ್ಕೆಯ ಬುಡದಲ್ಲಿ ಹೆಬ್ಬೆರಳು ಕೂರುವಲ್ಲಿ ಕೆಳಗಿನ ಕಪ್ಪು ಇಣುಕಿತು. ಕೊನೆಗೆ ಕಪ್ಪೂ ಹೋಗಿ ಪ್ಲಾಸ್ಟಿಕ್ ಕಂಡಿತು. ಒಮ್ಮೆ ಪ್ರಲ್ಹಾದ, “ತಗೊಂಡು ಹೋಗಿ ಸರಿ ಮಾಡಿ ತರ್ತೀನಿ, ಎರಡು ದಿನದ ಕೆಲಸ,” ಎಂದ. ಅಮೋಘಿಗೆ ಆಗ ದನಿ ಇರಲಿಲ್ಲ. ವಿಮಾನವನ್ನು ಮಗ್ಗುಲಿಗೆ ಸರಿಸಿಕೊಂಡ, ಅಷ್ಟೇ.

ಶ್ರಾವಣದಲ್ಲಿ ತೀರಿಕೊಂಡ. ಪ್ರಲ್ಹಾದ ಬಬಲೇಶ್ವರದಲ್ಲಿ ಪಾಠ ಮಾಡುತ್ತಿದ್ದ. ಫೋನು ಬಂದಾಗ ಬೋರ್ಡಿನ ಮೇಲಿನ ಲೆಕ್ಕ ಅರ್ಧಕ್ಕೇ ಬಿಟ್ಟು ಹೊರಟ. ಮಣ್ಣು ಕೊಡುವ ಹೊತ್ತಿಗೆ ಅಮೋಘಿಯ ಕಾಕಾ ಶಂಕ್ರೆಪ್ಪ, “ಅಂವಾ ಬಿಟ್ಟಿರಲಾರದ್ದು, ವಿಮಾನಾನೂ ಜೋಡಿ ಇಟ್ಟಬಿಡೂಣು,” ಎಂದ. ಸುವರ್ಣಾ ಮುಂದೆ ಬಂದು ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ಸೆರಗಿನೊಳಗೆ ಅವುಚಿಕೊಂಡವಳು ಮನೆಗೆ ಮರಳುವವರೆಗೂ ಹೊರಗೆ ತೆಗೆಯಲಿಲ್ಲ.

ದಸರೆಯ ಮುಂಚೆ ಒಂದು ಮಧ್ಯಾಹ್ನ ಅವಳು ಅಥಣಿ ರಸ್ತೆಯ ಮನೆಗೆ ಬಂದಳು. ಗೌತಮಿ ಕೂರಿಸಿ ನೀರು ಕೊಟ್ಟಳು. ಸುವರ್ಣಾ ಚೀಲದಿಂದ ಟಾವೆಲ್ಲಿನಲ್ಲಿ ಸುತ್ತಿದ ವಿಮಾನವನ್ನು ತೆಗೆದು ಟೀಪಾಯಿಯ ಮೇಲಿಟ್ಟಳು.

“ಅಣ್ಣಾರ, ಇದಕ್ಕ ಮೊದಲಿನಂಗ ಬಣ್ಣಾ ಹಚ್ಚಿ ಕೊಡ್ರಿ.”

ಪ್ರಲ್ಹಾದ ವಿಮಾನವನ್ನು ಎತ್ತಿಕೊಂಡ. ಬೆರಳುಗಳ ಜಾಗ ಐದೂ ಸ್ಪಷ್ಟ ಕಾಣುತ್ತಿದ್ದವು. ಹಿಡಿದರೆ ತನ್ನ ಬೆರಳು ಅವುಗಳ ಮೇಲೆ ಕೂರುತ್ತಿರಲಿಲ್ಲ. ಅಮೋಘಿಯ ಕೈ ದೊಡ್ಡದು.

“ತಂಗಿ, ಇದು ಹಿಂಗ ಇರ್ಲಿ. ಮ್ಯಾಲೆ ತೆಳ್ಳಗ ವಾರ್ನಿಷ್ ಹಚ್ಚಿ ಕೊಡ್ತೀನಿ. ಗುರುತು ಎಂದೂ ಹೋಗೂದಿಲ್ಲ.”

“ಗುರುತು ಹೋಗಬೇಕಂತನ ತಂದೇನ್ರಿ.”

ಪ್ರಲ್ಹಾದ ಗೌತಮಿಯ ಮುಖ ನೋಡಿದ.

“ಹಂಗಾದ್ರ ಹೊಸಾದೊಂದು ಮಾಡಿ ಕೊಡ್ತೀನಿ. ಇದು ನನ್ನ ಹತ್ರ ಇರ್ಲಿ.”

“ಅವರು ಹಿಡದದ್ದು ಇದ ಅಲ್ಲರಿ? ಇದನ್ನ ಹೆಂಗ ಬಿಡ್ಲಿ?” ಸುವರ್ಣಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಮಾತಾಡಿದಳು. “ನೀವು ರವಿವಾರಕ್ಕೊಮ್ಮೆ ಬಂದು ನೋಡತಿದ್ರಿ. ನಾ ದಿನಾ ನೋಡತಿದ್ದೆ. ಬ್ಯಾನಿ ತಡಕೊಳ್ಳಾಕ ಆಗದಾಗ ಇದನ್ನ ಹಿಂಗ ಒತ್ತಿ ಹಿಡೀತಿದ್ರು. ನಿಮಗ ಅದು ಬೆರಳಿನ ಗುರುತು. ನನಗ ಆ ಬ್ಯಾನಿ ಕಾಣತೈತಿ. ಅದನ್ನ ಗ್ವಾಡಿ ಗೂಡಿನ್ಯಾಗ ಇಟಗೊಂಡು ನಾ ಹೆಂಗ ರೊಟ್ಟಿ ಬಡೀಲ್ರಿ?”

ಅವಳು ಹೋದ ಮೇಲೆ ಪ್ರಲ್ಹಾದ ವಿಮಾನವನ್ನು ತನ್ನ ಸಣ್ಣ ಕೋಣೆಗೆ ಒಯ್ದು ಮುಂದಿಟ್ಟುಕೊಂಡು ಕೂತ. ಗೌತಮಿ ಬಾಗಿಲಲ್ಲಿ ನಿಂತು, “ಆಕಿ ಹೇಳಿದಂಗ ಮಾಡ್ರಿ. ನಿಮಗ ಗೆಳೆಯ, ಆಕೀಗೆ ಗಂಡ,” ಎಂದಳು. ಅವಳು ಅದನ್ನು ಗಡುಸಾಗಿ ಹೇಳಲಿಲ್ಲ.

ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಒರೆಸತೊಡಗಿದ. ಬಾಲದ ಕಡೆಯಿಂದ ಶುರು ಮಾಡಿದ. ಬೆರಳುಗಳಿದ್ದ ಕಡೆಗೆ ಆದಷ್ಟು ತಡವಾಗಿ ಹೋಗಬೇಕೆಂದು. ಬೆಳ್ಳಿ ಮೊದಲು ಬಂತು, ಅದರ ಹಿಂದೆ ಕಪ್ಪು. ಹತ್ತಿಯ ಉಂಡೆಗಳು ಸೀಸದ ಬಣ್ಣಕ್ಕೆ ತಿರುಗಿ ಮೇಜಿನ ಮೇಲೆ ಗುಡ್ಡೆಯಾದವು. ಎಡರೆಕ್ಕೆಯ ಬುಡಕ್ಕೆ ಬಂದಾಗ ಕೈ ನಿಂತಿತು. ಹೆಬ್ಬೆರಳು ಕೂತಿದ್ದಲ್ಲಿ ಒರೆಸಲು ಏನೂ ಉಳಿದೇ ಇರಲಿಲ್ಲ. ಅದರ ಸುತ್ತಲಿನ ಅಂಚನ್ನು ಒರೆಸಿದ. ಅಂಚು ಹೋದದ್ದೇ ಆ ಗುರುತೂ ಇಲ್ಲವಾಯಿತು. ಆಗ ಅವನಿಗೆ ಅಳು ಬಂತು. ಮಣ್ಣು ಕೊಡುವಾಗ ಬಂದಿರಲಿಲ್ಲ.

ಬಣ್ಣದ ಆಯ್ಕೆ ಈ ಸಲ ಕಷ್ಟವಾಗಲಿಲ್ಲ. ಮೊದಲಿನದೇ ಎರಡು ಬಾಟಲಿ. ವಾರ್ನಿಷ್ಷೇ ಕಾಡಿತು. ಗೋಡೆಯ ಗೂಡಿನಲ್ಲಿಡುವ ವಸ್ತುವಿಗೆ ಬೇಡ ಎಂದು ತಾನೇ ಹೇಳಿದ್ದ. ಆದರೆ ಬಿಜ್ಜರಗಿಯ ಮನೆಯಲ್ಲಿ ಒಲೆಯ ಹೊಗೆಯಿದೆ, ಕುರಿ ಅಂಗಳಕ್ಕೆ ಬರುವ ಹೊತ್ತಿಗೆ ಏಳುವ ಧೂಳಿದೆ. ಸುವರ್ಣಾ ಅದನ್ನು ದಿನಾ ಸೆರಗಿನಿಂದ ಒರೆಸುತ್ತಾಳೆ. ಒರೆಸಿದರೆ ಮತ್ತೆ ಸವೆಯುತ್ತದೆ, ಮತ್ತೆ ಕಪ್ಪು ಇಣುಕುತ್ತದೆ. ಅವಳಿಗೆ ಅದಾಗಬಾರದು. ಮೆರುಗಿನ ವಾರ್ನಿಷ್ಷನ್ನೇ ಥಿನ್ನರಿನಲ್ಲಿ ಬಹಳ ತೆಳುಮಾಡಿ, ಒಂದು ಪದರು ಸಿಂಪಡಿಸಿ ಒಣಗಿಸಿ, ಇನ್ನೊಂದು ಪದರು ಕೊಟ್ಟ. ಬೆಳ್ಳಿ ಸ್ವಲ್ಪ ಕಳೆಗುಂದಿತು. ಅಮೋಘಿ ಇದ್ದಿದ್ದರೆ ಇದು ಬಾಂಡೆ ಅಂಗಡಿದು ಅನ್ನುತ್ತಿದ್ದ.

ಬಿಜ್ಜರಗಿಗೆ ಒಯ್ದು ಕೊಟ್ಟ ದಿನ ಸುವರ್ಣಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸುತ್ತಲೂ ನೋಡಿದಳು. “ಚಲೋ ಆಗೇತ್ರಿ,” ಎಂದು ಗೋಡೆಯ ಗೂಡಿನಲ್ಲಿಟ್ಟಳು. ತಾಯವ್ವ ಎದ್ದು ಬಂದು ಅದನ್ನು ಕೈಗೆ ತೆಗೆದುಕೊಂಡಳು; ಹೆಬ್ಬೆರಳಿನಿಂದ ಎಡರೆಕ್ಕೆಯ ಬುಡವನ್ನು ಸವರಿದಳು.

“ಒರಟ ಇತ್ತಲ್ಲೋ ಯಪ್ಪಾ ಇಲ್ಲಿ,” ಎಂದಳು.

ಮುದುಕಿ ಅದನ್ನು ಅಲ್ಲೇ ಇಟ್ಟು ಹೊರಗೆ ಹೋದಳು.

ತೋಟದಲ್ಲಿ ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿಯ ಕೆಲಸ ನಡೆದಿತ್ತು. ಪ್ರಲ್ಹಾದನ ಬೈಕು ಇದ್ದದ್ದು ಅದೇ ದಾರಿಯಲ್ಲಿ. ಸುವರ್ಣಾ ಕತ್ತರಿ ಹಿಡಿದು ಅವನ ಜೊತೆಗೇ ನಡೆದಳು. ಆಳುಗಳು ಊಟಕ್ಕೆ ಹೋಗಿದ್ದರು. ಎಲೆ ಉದುರಿದ ಬಳ್ಳಿಗಳ ಕೆಳಗೆ ಬಂದಾಗ ಅವಳ ಹೆಜ್ಜೆ ನಿಧಾನವಾಯಿತು.

“ಅವರು ಹ್ವಾದ ವರ್ಷ ಈ ಸಾಲ ತಾವ ಚಾಟ್ನಿ ಮಾಡಿದ್ರು. ಹೊಟ್ಟಿ ನೋಯಾಕತ್ತೈತಿ ಅಂತ ಇಲ್ಲೇ ಕುಂತ್ರು. ನಾ ಬೈದೆ, ಕೆಲಸ ಕಂಡ್ರ ನಿಮಗ ಹೊಟ್ಟಿ ನೋಯತೈತಿ ಅಂತ.”

ಕತ್ತರಿಯನ್ನು ಅವನ ಕೈಗೆ ಕೊಟ್ಟು, ಕಲ್ಲಿನ ಕಂಬ ಹಿಡಿದು ಕೂತುಬಿಟ್ಟಳು. ಮೊದಲು ಸದ್ದಿಲ್ಲದೆ ಅತ್ತಳು, ಆಮೇಲೆ ದನಿ ತೆಗೆದು ಅತ್ತಳು. ಪ್ರಲ್ಹಾದ ಬಳ್ಳಿಯಿಂದ ಒಂದಿಷ್ಟು ದೂರ ಸರಿದು, ಕತ್ತರಿ ಹಿಡಿದುಕೊಂಡು, ಅವಳು ಏಳುವವರೆಗೆ ನಿಂತ.