ಒಣಗಾಳಿಗೆ ಸವೆದ ಕಾರ್ಬನ್

"ಡುಪ್ಲಿಕೇಟ್ ಕಾರ್ಬನ್ ಹಾಕಿ ನನ್ನ ಮಿಲ್ಲು ಹಾಳ ಮಾಡಾಕತ್ತಿಯಲ್ಲೋ. ಕಣ್ಣಾಗ ಮಣ್ಣು ಎರಚಾಕ ನಾನ ಸಿಕ್ಕೆನೇನು ನಿನಗ?"

"ಬಾಯಿ ಬಿಗಿ ಹಿಡದು ಮಾತಾಡ್ರಿ ಸಾವ್ಕಾರ್ರ. ಕೊಪ್ಪಳದ ಅಂಗಡ್ಯಾಗ ನೀವ ನಿಂತು ಆರಿಸಿ ತಂದದ್ದು ಅವು."

ಯಲಬುರ್ಗಾದ ಶೇಂಗಾ ಎಣ್ಣೆ ಮಿಲ್ಲಿನ ಮೋಟಾರು ಕೋಣೆಯಲ್ಲಿ ಸಾಹುಕಾರ ದೊಡ್ಡಬಸಪ್ಪನೂ ಫಿಟ್ಟರ್ ಹೊನ್ನೂರಪ್ಪನೂ ಹರಿದು ತಿನ್ನುವಂತೆ ನಿಂತಿದ್ದರು. ಮೋಟಾರಿನ ಹಿತ್ತಾಳೆ ಉಂಗುರಗಳಿಗೆ ಒತ್ತಿಕೊಂಡು ಕರೆಂಟು ದಾಟಿಸುವ ಕಾರ್ಬನ್ ತುಂಡುಗಳು ಮತ್ತೆ ಸವೆದು, ಕೆಳಗೆ ಕಾಡಿಗೆಯಂಥ ಪುಡಿ ಬಿದ್ದಿತ್ತು.

ಹೊನ್ನೂರಪ್ಪ ಗಂಗಾವತಿ ಹತ್ತಿರದ ಮರಳಿ ಎಂಬ ಊರಿನವನು. ಆ ಕಾಲುವೆ ಸೀಮೆಯ ಅಕ್ಕಿ ಗಿರಣಿಗಳಲ್ಲಿ ಮೋಟಾರಿಗೆ ತೇವವೇ ಶತ್ರು. ಇದ್ದಿಲ ಶೇಗಡಿ ಇಟ್ಟು ಕೋಣೆ ಬೆಚ್ಚಗಿಡುವುದನ್ನು ಅಲ್ಲೇ ಕಲಿತಿದ್ದ. ಇದೇ ಮೋಟಾರನ್ನು ಅಲ್ಲಿ ವರ್ಷಗಟ್ಟಲೆ ಓಡಿಸಿದ್ದ. ಸಾಹುಕಾರ ಅದನ್ನು ಕೊಂಡಾಗ ಜೊತೆಗೆ ಅವನನ್ನೂ ಕರೆತಂದ. ಯಲಬುರ್ಗಾದ ಒಣ ಸೀಮೆಯಲ್ಲಿ ಬೇಸಿಗೆ ಹತ್ತಿದ್ದೇ ಕಾರ್ಬನ್ ಸವೆಯತೊಡಗಿತು. ತೇವದ ಕಾಟವೇ ಎಂದುಕೊಂಡು ಹೊನ್ನೂರಪ್ಪ ಕಿಟಕಿ ಮುಚ್ಚಿ ಶೇಗಡಿ ಹೊತ್ತಿಸಿದ. ಇನ್ನೂ ಸವೆಯಿತು. ಇನ್ನೊಂದು ಶೇಗಡಿ ಇಟ್ಟ.

ಗಾಳಿಯಲ್ಲಿ ಒಂದಿಷ್ಟು ತೇವ ಇದ್ದರೆ ಮಾತ್ರ ಉಂಗುರದ ಮೇಲೆ ಕಾರ್ಬನ್ನಿನ ತೆಳು ಲೇಪ ಕೂತು ನುಣ್ಣಗೆ ಜಾರುತ್ತದೆ. ಗಾಳಿ ಒಣಗಿದರೆ ಲೇಪ ಕಿತ್ತು ಕಾರ್ಬನ್ ಹಿಟ್ಟಾಗುತ್ತದೆ. ಇದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಶೇಂಗಾ ಹಸನು ಮಾಡುವ ಕಳಕಮ್ಮ ಬಾಗಿಲಿಗೆ ಬಂದಳು. "ಯಣ್ಣಾ, ಮೊನ್ನಿ ಸೆಕಿ ತಾಳಲಾರ್ದ ಕಿಟಕಿ ತೆಗದು ಹಸಿ ಗೋಣಿತಟ್ಟು ಕಟ್ಟಿದ್ನಲ್ಲ, ಅವತ್ತು ಮೋಟರ್ ಛಲೋ ಓಡಿತ್ತು ನೋಡು."

"ಆ ತಟ್ಟು ಕಿತ್ತು ಒಗದಾವ ನಾನ," ಎಂದ ಹೊನ್ನೂರಪ್ಪ. " ಮೋಟರ್ ಕೋಣ್ಯಾಗ ನೀರು ತರ್ತಾಳಂತ. ನಿನ್ನ ಶೇಂಗಾ ಕೇರು ಹೋಗು."

"ಮೋಟರಿಗಿಂತ ನೀನ ಭಾಳ ಕಾದಿ ಬಿಡಪ್ಪ," ಎಂದು ಗೊಣಗುತ್ತ ಹೋದಳು.

ಸಾಹುಕಾರ ದನಿ ಇಳಿಸಿದ. "ಮರಳ್ಯಾಗ ಓಡಿದ್ದು ಇಲ್ಲಿ ಯಾಕ ಓಡೂದಿಲ್ಲ? ಅದೊಂದು ಹೇಳು, ಕೆಲಸದಾಗ ಇರು."

ಗಂಗಾವತಿ ಕಡೆಯ ಗಿರಣಿಯವರು ಹೊನ್ನೂರಪ್ಪನನ್ನು ಕೇಳದೆ ಮೋಟಾರು ಕೊಳ್ಳುತ್ತಿರಲಿಲ್ಲ. ಅಂಥವನಿಗೆ ಈಗ ತಾನೇ ಓಡಿಸಿದ ಮೋಟಾರಿನ ರೋಗ ತಿಳಿಯದು. ಕಳ್ಳ ಎನ್ನಿಸಿಕೊಂಡದ್ದಕ್ಕಿಂತ ಅದೇ ಹೆಚ್ಚು ಸುಟ್ಟಿತು.

"ಗೊತ್ತಿಲ್ರಿ."

"ಹಂಗಾರ ಕಳ್ಳತನನ."

ಹೊನ್ನೂರಪ್ಪ ಉಳಿದಿದ್ದ ಹೊಸ ಕಾರ್ಬನ್ ಜೋಡಿ ಕೂರಿಸಿ ಸ್ಪ್ರಿಂಗು ಬಿಗಿದ. ಎರಡೂ ಶೇಗಡಿಗೆ ಇದ್ದಿಲು ಸುರಿದು, ಕೆಂಪಗಾಗುವ ತನಕ ಊದಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಪಾನಾ ಸಾಹುಕಾರನ ಕಾಲ ಬಳಿ ಇಟ್ಟು ಕುಷ್ಟಗಿ ರಸ್ತೆ ಹಿಡಿದ. ಮರಳಿಗೆ ಹೋಗಲು ಮುಖವಿರಲಿಲ್ಲ. ಆ ಮಿಲ್ಲಿಗಂತೂ ಅವನು ಮತ್ತೆ ಬರಲಿಲ್ಲ.