ವಾರಿಜಾಬಾಯಿಯ ದವಾಖಾನೆ

ಗಲ್ಲಿಯ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು.

"ಸ್ವಲ್ಪ ಓರೆ ಮಾಡ್ರಿ. ಬಾಯಾರ ಕಾಲು ಗ್ವಾಡಿಗೆ ಬಡೀತಾವ" ಎಂದ ಮುಂದೆ ಹೆಗಲು ಕೊಟ್ಟಿದ್ದ ಹಮಾಲ ಅಂಬಾರಾಯ. ಹಿಂದಿನವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಯಾರೋ ನೀರಿನ ಪೀಪಾಯಿ ಬದಿಗೆ ನೂಕಿದರು. ಮತ್ತೆ ಎತ್ತಿದರು.

ಠಾಣೆ ಕಡೆಯ ತುರ್ಭೆಯ ಈ ಗುಡಿಸಲು ವಸ್ತಿಯಲ್ಲಿ ಭಜನಾ ಮಂಡಳಿ ನಡೆಸುವ ಧರ್ಮದ ದವಾಖಾನೆಯನ್ನು ವಾರಿಜಾ ಹದಿನೆಂಟು ವರ್ಷ ನೋಡಿಕೊಂಡಿದ್ದರು. ಡಾಕ್ಟರು ಬರುತ್ತಿದ್ದುದು ವಾರಕ್ಕೆರಡು ದಿನ. ವಾರಿಜಾ ದಿನವೂ ಇರಬೇಕಿತ್ತು. ಕ್ಷಯದ ರೋಗಿಗಳಿಗೆ ಮಾತ್ರೆಯನ್ನು ಕಣ್ಣೆದುರೇ ನುಂಗಿಸಬೇಕಲ್ಲ. ದವಾಖಾನೆಯ ಹಿಂದಿನ ಕೋಣೆಯಲ್ಲೇ ಅವರ ಮತ್ತು ಮಗಳು ಸಂಜನಾಳ ಸಂಸಾರ. ನಿನ್ನೆ ಮಧ್ಯಾಹ್ನ ಕುಳಿತಲ್ಲೇ ಗೋಡೆಗೆ ಒರಗಿದವರು ಏಳಲಿಲ್ಲ.

ಚಿತೆಗೆ ಬೆಂಕಿ ಹಿಡಿದ ಮೇಲೆ ಅಂಬಾರಾಯ ಸಂಜನಾಳ ಪಕ್ಕ ಬಂದು ಕುಕ್ಕರುಗಾಲಿನಲ್ಲಿ ಕುಳಿತ.

"ತಂಗಿ, ನಾ ಅವತ್ತ ಟೇಶನ್ನಿಗೆ ಬರಬಾರದಿತ್ತು."

"ಬರ್ದೇ ಇದ್ರೆ ನೀವು ಇವತ್ತು ಇರ್ತಿರ್ಲಿಲ್ಲ, ಕಾಕಾ" ಎಂದಳು. ಅವನ ಕಡೆ ನೋಡಲಿಲ್ಲ.

*

ಆಗ ಸಂಜನಾಳಿಗೆ ಒಂಬತ್ತು ವರ್ಷ. ಅಪ್ಪ ಇರಲಿಲ್ಲ. ಶಿರ್ವದಿಂದ ಅಜ್ಜಿ ಬಾ ಬಾ ಎಂದು ಕರೆದು, ಕೊನೆಗೂ ಅಮ್ಮ ಕೆಲಸ ಬಿಟ್ಟಿದ್ದಳು. ಠಾಣೆ ಸ್ಟೇಷನ್ನಿನಲ್ಲಿ ಮಂಗಳೂರಿನ ಗಾಡಿ ಹತ್ತಿ, ಚೀಲಗಳನ್ನು ಸೀಟಿನಡಿ ತಳ್ಳಿ ಕುಳಿತೂ ಆಗಿತ್ತು. ಅಂಬಾರಾಯ ಕೆಮ್ಮುತ್ತಾ ಕಿಟಕಿಗೆ ಬಂದ.

"ಹೊಸಬರು ಬಂದಿಲ್ರಿ ಬಾಯಾರ. ಮೂರು ದಿನದಿಂದ ದವಾಖಾನಿ ಬಾಗಲಕ್ಕ ಕೀಲಿ."

"ನನ್ನತ್ರ ಎಂತ ಹೇಳುದು? ಮಂಡಳಿಯ ಕಮಲಾಕ್ಷಣ್ಣನಿಗೆ ಹೇಳು."

"ಹೇಳೀನ್ರಿ. ನೋಡೋಣ ಅಂದ್ರು." ಅವನು ಕಿಟಕಿಯ ಸರಳು ಹಿಡಿದುಕೊಂಡ. "ಗುಳಿಗಿ ತಪ್ಪಿ ರೋಗ ಮತ್ತ ಮೊದಲಿಂದ ಶುರು ಆದ್ರ ನಾ ಉಳಿಯಂಗಿಲ್ರಿ."

ಅಮ್ಮ ಬಹಳ ಹೊತ್ತು ಅವನ ಬೆರಳುಗಳನ್ನೇ ನೋಡಿದಳು. ಆಮೇಲೆ ಬಗ್ಗಿ ಚೀಲ ಎಳೆದಳು.

"ಇಳಿ ಮಗಾ" ಎಂದಳು.

ಮುಂದಿನ ವರ್ಷ ಅಜ್ಜಿ ಸತ್ತಾಗಲೂ ಅಮ್ಮನಿಗೆ ಊರಿಗೆ ಹೋಗಲಾಗಲಿಲ್ಲ.

*

ಸ್ಮಶಾನದಿಂದ ಬಂದು ಸಂಜನಾ ಸ್ನಾನ ಮುಗಿಸುವಷ್ಟರಲ್ಲಿ ಮಂಡಳಿಯ ಅಧ್ಯಕ್ಷ ಕಮಲಾಕ್ಷ ಬಾಗಿಲಲ್ಲಿದ್ದರು.

"ವಾರಿಜಕ್ಕ ಮಾಡಿದ್ದು ದೇವರ ಕೆಲಸ" ಎಂದರು. "ಯಾರಾದ್ರೂ ಸಿಗುವವರೆಗೆ ನೀನು ನೋಡ್ಕೊಳ್ತೀಯಾ ಅಂತ."

"ಅಂಕಲ್, ಒಂದನೇ ತಾರೀಖಿಗೆ ಪುಣೆಯಲ್ಲಿ ಕೆಲಸಕ್ಕೆ ಜಾಯ್ನಿಂಗ್. ಲೆಟರ್ ಕೂಡ ಬಂದಿದೆ."

"ಹೋಗು. ಯಾರು ಬೇಡ ಹೇಳುದು?" ಅವರು ಚಪ್ಪಲಿಯತ್ತ ನೋಡಿದರು. "ಬೆಳಗಿಂದ ಇಬ್ಬರನ್ನು ಕೇಳಿದೆ. ಕ್ಷಯ ಅಂದ ಕೂಡ್ಲೇ ಫೋನ್ ಇಟ್ರು."

ಅವರ ಬೆನ್ನ ಹಿಂದೆ, ಮೆಟ್ಟಿಲಿನಿಂದ ಗಟಾರದವರೆಗೆ, ದಿನದ ಮಾತ್ರೆಗೆ ಬಂದ ಹನ್ನೊಂದು ಜನ ಕುಳಿತಿದ್ದರು. ಎಲ್ಲರ ಕೈಯಲ್ಲೂ ನೀರಿನ ಬಾಟಲಿ ಇತ್ತು.

ಸಂಜನಾ ಒದ್ದೆ ಕೂದಲನ್ನು ಗಂಟು ಹಾಕಿ, ಮಾತ್ರೆಯ ಡಬ್ಬಿ ಹಿಡಿದು ಹೊರಬಂದಳು. ಮೊದಲ ಮೆಟ್ಟಿಲಲ್ಲಿದ್ದ ಮುದುಕಿ ಅಂಗೈ ಚಾಚಿದಳು. ಸಂಜನಾ ನಾಲ್ಕು ಮಾತ್ರೆ ಇಟ್ಟಳು. ಮುದುಕಿ ಒಂದೊಂದಾಗಿ ನುಂಗಿದಳು. ಆಮೇಲೆ, ನುಂಗಿದ್ದೇನೆಂದು ತೋರಿಸಲು, ನಾಲಿಗೆ ಮೇಲೆತ್ತಿ ಬಾಯಿ ತೆರೆದಳು.

ಅಮ್ಮ ದಿನವೂ ಎನ್ನುತ್ತಿದ್ದಂತೆ ಸರಿ ಎನ್ನಬೇಕಿತ್ತು. ಸಂಜನಾ ಒಳಗೆ ಅಮ್ಮ ಒರಗಿದ್ದ ಗೋಡೆಯತ್ತ ನೋಡಿದಳು. ಮುದುಕಿ ಬಾಯಿ ತೆರೆದುಕೊಂಡೇ, ಅವಳ ಮುಖ ನೋಡುತ್ತಾ ಕುಳಿತಳು. ಹಿಂದಿನವನು ಒಂದು ಮೆಟ್ಟಿಲು ಮುಂದೆ ಸರಿದ.